ಜುಸೆಪ್ಪೆಯ ಹೆಸರಿನ ತರ್ಜುಮೆ

ಇಟಲಿಯಲ್ಲಿ ಜುಸೆಪ್ಪೆ ಎಂದು ನಾಮಕರಣವಾದ ಮನುಷ್ಯನು ಅರ್ಜೆಂಟೀನಾಕ್ಕೆ ಹೋದರೆ ಹೋಸೆ, ಬ್ರೆಜಿಲ್ಲಿಗೆ ಹೋದರೆ ಜೊಸೆ, ಅಮೆರಿಕಕ್ಕೆ ಹೋದರೆ ಜೋಸೆಫ್ ಆಗುತ್ತಿದ್ದನು. ಆಯಾ ದೇಶದ ಗುಮಾಸ್ತರು, ಪಾದ್ರಿಗಳು ತಮ್ಮ ನಾಲಿಗೆಗೆ ಒಗ್ಗುವಂತೆ ಹೆಸರನ್ನು ತರ್ಜುಮೆ ಮಾಡಿ ಬರೆದುಕೊಂಡರು. ಎಷ್ಟೋ ಸಲ ವಲಸಿಗನೇ ಹಾಗೆ ಹೇಳಿ ಬರೆಸುತ್ತಿದ್ದನು. ಅವನಿಗೆ ಅದರಿಂದ ಯಾವ ಅಡಚಣೆಯೂ ಆಗಲಿಲ್ಲ. ಅಡಚಣೆ ಕಾದಿದ್ದುದು ಮೊಮ್ಮಕ್ಕಳಿಗೆ.

1876ರಿಂದ 1915ರವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಇಟಲಿಯನ್ನು ಬಿಟ್ಟರು. ಬಡತನವೇ ಮುಖ್ಯ ಕಾರಣ. ಇವರ ಮಕ್ಕಳನ್ನು ತಾಯ್ನಾಡು ಕೈಬಿಡಬಾರದೆಂದು 1912ರ ಪೌರತ್ವ ಕಾಯಿದೆಯು ಒಂದು ಏರ್ಪಾಡು ಮಾಡಿತು. ಹೊರದೇಶದಲ್ಲಿ ಹುಟ್ಟಿ ಅಲ್ಲಿನ ಪ್ರಜೆಯಾದರೂ ಇಟಾಲಿಯನ್ ತಂದೆಯ ಮಗು ಇಟಲಿಯ ಪೌರತ್ವವನ್ನು ಉಳಿಸಿಕೊಳ್ಳಬಹುದಿತ್ತು. 1992ರ ಕಾಯಿದೆಯೂ ರಕ್ತಸಂಬಂಧದ ತತ್ತ್ವವನ್ನೇ ಮುಂದುವರಿಸಿತು. ಹೀಗಾಗಿ ಮುತ್ತಜ್ಜನಿಂದ ತನ್ನವರೆಗೆ ಪ್ರತಿ ತಲೆಮಾರಿನ ಜನನ, ವಿವಾಹ, ಮರಣ ಪತ್ರಗಳನ್ನು ಕೂಡಿಸಿ, ಇಟಾಲಿಯನ್ ಭಾಷೆಗೆ ತರ್ಜುಮೆ ಮಾಡಿಸಿ ಒಪ್ಪಿಸಿದವನು ಹೊಸದಾಗಿ ಪೌರನಾಗುತ್ತಿರಲಿಲ್ಲ. ಹುಟ್ಟಿನಿಂದಲೇ ಪೌರನೆಂದು ಗುರುತಿಸಲ್ಪಡುತ್ತಿದ್ದನು.

ಇಟಲಿಯ ದಾಖಲೆಗಳಾದರೋ ಬಹಳ ಅಚ್ಚುಕಟ್ಟು. 1563ರ ಟ್ರೆಂಟ್ ಧರ್ಮಸಭೆಯ ಕಾಲದಿಂದ ಚರ್ಚುಗಳಲ್ಲಿ ಜ್ಞಾನಸ್ನಾನ, ವಿವಾಹಗಳ ಪುಸ್ತಕಗಳಿದ್ದವು. ನೆಪೋಲಿಯನ್ನನ ಪ್ರಭಾವದಿಂದ ನೇಪಲ್ಸ್ ರಾಜ್ಯದಲ್ಲಿ 1809ರಲ್ಲೇ ಸರಕಾರಿ ನೋಂದಣಿ ಬಂತು. 1861ರಲ್ಲಿ ಒಂದಾದ ಇಟಲಿಗೆ ಅದು 1866ರ ಜನವರಿ 1ರಿಂದ, ವೆನಿಸ್ ಸೀಮೆಗೆ 1871ರಿಂದ. ತಾರೀಖು, ವರ್ಷಗಳನ್ನು ಅಂಕಿಗಳಲ್ಲಲ್ಲ, ಅಕ್ಷರಗಳಲ್ಲಿ ಬರೆಯುತ್ತಿದ್ದರು. ಪುಸ್ತಕದ ಎರಡು ಪ್ರತಿ; ಒಂದು ಪುರಸಭೆಯಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. ಮದುವೆಯಾದರೂ ಹೆಂಗಸಿಗೆ ತವರಿನ ಅಡ್ಡಹೆಸರೇ. ಅಮೆರಿಕದಲ್ಲಿ ಅದೇ ಹೆಂಗಸು ಗಂಡನ ಅಡ್ಡಹೆಸರಿನಲ್ಲಿ ಸತ್ತಿರುತ್ತಾಳೆ.

ಎಲ್ಲಿಸ್ ದ್ವೀಪದ ಅಧಿಕಾರಿಗಳು ಹೆಸರು ಕೆಡಿಸಿದರೆಂಬುದು ಜನಪ್ರಿಯ ಕಥೆ, ಆದರೆ ನಿಜವಲ್ಲ. ಅವರು ಹಡಗು ಹತ್ತುವ ಬಂದರಿನಲ್ಲಿ ತಯಾರಾದ ಪಟ್ಟಿಯನ್ನು ನೋಡಿ ಹೆಸರು ಕೂಗುತ್ತಿದ್ದರು. ಹೆಸರು ಬದಲಾದದ್ದು ಆಮೇಲೆ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ಚರ್ಚಿನಲ್ಲಿ.

ಇನ್ನು ಭಾಷಾಂತರಕಾರನ ಪಾಡು. ಹಿಂದಿನ ಗುಮಾಸ್ತನಿಗಿದ್ದ ಸ್ವಾತಂತ್ರ್ಯ ಇವನಿಗಿಲ್ಲ. ಜೋಸೆಫ್ ಎಂದಿದ್ದರೆ ಜೋಸೆಫ್ ಎಂದೇ ಬರೆಯಬೇಕು. ಅದು ಜುಸೆಪ್ಪೆಯೇ ಎಂದು ಹತ್ತು ಕಡೆ ಗೊತ್ತಿದ್ದರೂ ತಿದ್ದುವಂತಿಲ್ಲ. ಮೊಹರು, ಅಂಚಿನ ಟಿಪ್ಪಣಿಗಳನ್ನೂ ಬಿಡುವಂತಿಲ್ಲ. ಅಮೆರಿಕದ ಪತ್ರದಲ್ಲಿ 4/7 ಎಂದರೆ ಏಪ್ರಿಲ್ 7, ಇಟಲಿಯವರಿಗೆ ಜುಲೈ 4. ಆದ್ದರಿಂದ ಜಾಣನಾದವನು ತಿಂಗಳನ್ನು ಅಕ್ಷರದಲ್ಲಿ ಬರೆಯುತ್ತಾನೆ. ವ್ಯತ್ಯಾಸ ದೊಡ್ಡದಾಗಿದ್ದರೆ ಮೂಲವನ್ನೇ ಆ ದೇಶದಲ್ಲಿ ತಿದ್ದಿಸಿ, 1961ರ ಹೇಗ್ ಒಪ್ಪಂದದ ಅಪೊಸ್ಟೀಲ್ ಮುದ್ರೆ ಹಾಕಿಸಿ, ನಂತರ ತರ್ಜುಮೆಗೆ ಕೊಡಬೇಕು. ತಂದೆಯ ಇನಿಷಿಯಲ್ ಒಂದು ಕಾಗದದಲ್ಲಿ, ಊರ ಹೆಸರು ಇನ್ನೊಂದರಲ್ಲಿ ಇರುವ ನಮ್ಮ ಹೊರನಾಡ ಕನ್ನಡಿಗರಿಗೆ ಈ ಫಜೀತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಒಂದು ತಾರೀಖು. ಮಗ ಹುಟ್ಟುವ ಮುನ್ನವೇ ತಂದೆ ಪರದೇಶದ ಪ್ರಜೆಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದರೆ, ಒಂದು ದಿನದ ಅಂತರವಾದರೂ ಸರಿ, ಸರಪಳಿ ಅಲ್ಲಿಗೇ ಕಡಿಯಿತು. ಬ್ರೆಜಿಲ್ಲಿನಲ್ಲಿ ಈ ಮನುಷ್ಯ ಎಂದೂ ಅಲ್ಲಿನ ಪೌರತ್ವ ಪಡೆಯಲಿಲ್ಲ ಎಂಬ ಪ್ರಮಾಣಪತ್ರವನ್ನು ಸರಕಾರ ಕೊಡುತ್ತದೆ. ಅವನ ಹೆಸರು ಎಷ್ಟು ಬಗೆಯಾಗಿ ಬರೆಯಲ್ಪಟ್ಟಿದೆಯೋ ಅಷ್ಟೂ ರೂಪಗಳನ್ನು ಅದರಲ್ಲಿ ನಮೂದಿಸಬೇಕಾಗುತ್ತದೆ. ತಾಯಿಯ ಕಡೆಯ ವಂಶವಾದರೆ ಇನ್ನೊಂದು ಗೋಡೆ: 1948ರ ಜನವರಿ 1ಕ್ಕೆ ಮುಂಚೆ ಹುಟ್ಟಿದವರಿಗೆ ತಾಯಿಯಿಂದ ಪೌರತ್ವ ಬರುವುದೆಂದು ಕಚೇರಿಗಳು ಒಪ್ಪುತ್ತಿರಲಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ 2009ರಲ್ಲಿ ಇಟಲಿಯ ಉಚ್ಚತಮ ನ್ಯಾಯಾಲಯ ದಾರಿ ತೋರಿತು.

2025ರ ಮಾರ್ಚ್ 28ರಂದು ಇಟಲಿ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಮೇ ತಿಂಗಳಲ್ಲಿ ಅದು ಕಾಯಿದೆಯಾಯಿತು. ಹೊರಗೆ ಹುಟ್ಟಿ ಬೇರೆ ಪೌರತ್ವವುಳ್ಳವರಿಗೆ ಇನ್ನು ಮುತ್ತಜ್ಜ ಸಾಲದು. ತಂದೆತಾಯಿ ಇಲ್ಲವೆ ಅಜ್ಜ-ಅಜ್ಜಿಯರಲ್ಲಿ ಒಬ್ಬರು ಇಟಲಿಯ ಪೌರತ್ವವೊಂದನ್ನೇ ಹೊಂದಿದವರಾಗಿರಬೇಕೆಂಬುದು ಅದರ ಮುಖ್ಯ ನಿಯಮ. ಮಾರ್ಚ್ 27ರೊಳಗೆ ಅರ್ಜಿ ಸಲ್ಲಿಸಿದವರಿಗೆ ಹಳೆಯ ನಿಯಮವೇ ಅನ್ವಯ. ಮುತ್ತಜ್ಜನ ಹೆಸರನ್ನು ಆಗಷ್ಟೇ ತಿದ್ದಿಸಿ, ಕಾಗದಗಳನ್ನು ತರ್ಜುಮೆಗೆ ಕೊಟ್ಟು ಕಾಯುತ್ತಿದ್ದವರು ಹೊರಗುಳಿದರು.