ಧಮನಿಯ ಗಾಯ ಮತ್ತು ಪುಟ್ಟ ಆರ್‌ಎನ್‌ಎ

ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯ ಚಿಕಿತ್ಸೆ ಉಚಿತ. ಆದರೆ ಬಲೂನಿನಿಂದ ಹಿಗ್ಗಿಸಿದ ಧಮನಿ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾದರೆ, ರೋಗಿ ಎಲ್ಲಿಯವನಾದರೂ ಇನ್ನೊಮ್ಮೆ ಮಲಗಲೇಬೇಕು. 1977ರಲ್ಲಿ ಗ್ರುಂಟ್ಸಿಗ್ ಜ್ಯೂರಿಕ್‌ನಲ್ಲಿ ಹೃದಯದ ಧಮನಿಗೆ ಮೊದಲು ಬಲೂನು ತೂರಿಸಿದ ಕಾಲದಿಂದಲೂ ಇದೇ ತೊಡಕು. ಬಲೂನು ಒಳಪದರವನ್ನು ತರಚುತ್ತದೆ. ಗಾಯ ಮಾಯಿಸಲು ಹೊರಟ ಸ್ನಾಯುಕೋಶಗಳು ಮಿತಿಮೀರಿ ಬೆಳೆಯುತ್ತವೆ.

ಇದರ ಸುಳಿವು ಸಿಕ್ಕಿದ್ದು ಒಂದು ಹುಳುವಿನಲ್ಲಿ! ಕೇವಲ 22 ಅಕ್ಷರಗಳ ಆರ್‌ಎನ್‌ಎ ಒಂದು ಅದರಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆಯುವುದನ್ನು 1993ರಲ್ಲಿ ಆಂಬ್ರೋಸ್ ಮತ್ತು ರವ್ಕುನ್ ತೋರಿಸಿದರು. (ನೊಬೆಲ್ ಬಂದದ್ದು 2024ರಲ್ಲಿ, ತಡವೇ ಆಯಿತೆನ್ನಬೇಕು.) ಇಂಥವೇ ಮೈಕ್ರೋಆರ್‌ಎನ್‌ಎಗಳು. 2007ರಲ್ಲಿ ಇಲಿಯ ಕುತ್ತಿಗೆಯ ಧಮನಿಗೆ ಬಲೂನಿನಿಂದ ಗಾಯ ಮಾಡಿದಾಗ 21ನೆಯದು ಏರಿತ್ತು. ಅದನ್ನು ತಗ್ಗಿಸಿದಾಗ ಅತಿಬೆಳವಣಿಗೆಯೂ ತಗ್ಗಿತು. ಸ್ನಾಯುಕೋಶಗಳನ್ನು ಹತೋಟಿಯಲ್ಲಿಡುವ 145ನೆಯದಾದರೋ ಗಾಯವಾದೊಡನೆ ಕುಸಿಯುತ್ತದೆ. ಇಲಿಗಳಲ್ಲಿ ಅದನ್ನು ಮರಳಿ ತುಂಬಿದಾಗಲೂ ಧಮನಿ ಅಷ್ಟಾಗಿ ಕಿರಿದಾಗಲಿಲ್ಲ.