ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯಷ್ಟೇ ಅಲ್ಲ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆ 'ಬ್ಯಾಂಡ್' ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಮದುವೆಯ ಮೆರವಣಿಗೆ. ಕೆಂಪು ಕೋಟು ತೊಟ್ಟವರು ಟ್ರಂಪೆಟ್ಟು, ಕ್ಲಾರಿನೆಟ್ಟು ಹಿಡಿದು ಸಿನಿಮಾ ಹಾಡು ನುಡಿಸುತ್ತ ಮುಂದೆ ನಡೆಯುತ್ತಾರೆ, ಹಿಂದೆ ಡ್ರಮ್ಮಿನವನು ಬೆವರು ಒರೆಸಿಕೊಳ್ಳುತ್ತಾನೆ. ಗಣೇಶನ ಹಬ್ಬ ಬಂತೆಂದರೆ ಅದೇ ಊರಿನ ಹುಡುಗರು 'ಆರ್ಕೆಸ್ಟ್ರಾ' ಕಟ್ಟಿಕೊಂಡು ಪೆಂಡಾಲಿನ ಮುಂದೆ ಮಧ್ಯರಾತ್ರಿಯವರೆಗೆ ರಸಮಂಜರಿ ನಡೆಸುತ್ತಾರೆ. ಇವರ ಕೈಚಳಕಕ್ಕೆ ಕೊರತೆಯಿಲ್ಲ. ಆದರೆ ಇವರು ನುಡಿಸುವುದೆಲ್ಲ ಬೇರೆಯವರು ಕಟ್ಟಿದ ಹಾಡು. ವಾದ್ಯ ನಮ್ಮದು, ಬೆರಳು ನಮ್ಮದು, ಹಾಡು ಮಾತ್ರ ಮತ್ತೊಬ್ಬರದು. ನಮ್ಮದೇ ಹಾಡು ಕಟ್ಟಿ ನಿಲ್ಲಲು ಒಂದು ತಂಡಕ್ಕೆ ಏನು ಬೇಕು? ಹೊರಗಿನಿಂದ ಬಂದ ಸಂಗೀತ ಯಾವ ಹಂತದಲ್ಲಿ ನಮ್ಮೂರಿನದಾಗುತ್ತದೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರು ಇನ್ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನ ಒಂದು ತಂಡದ ಕಥೆಯನ್ನು ಕೇಳಬೇಕು. ಅದರ ಹೆಸರು 'ಥರ್ಮಲ್ ಅಂಡ್ ಎ ಕ್ವಾರ್ಟರ್'. ಹುಟ್ಟಿದ್ದು 1996ರಲ್ಲಿ. ಬ್ಲೂಸ್, ಫಂಕ್, ಜಾಝ್ ಮತ್ತು ರಾಕ್ ಸಂಗೀತಗಳನ್ನು ಬೆರೆಸಿ, ಸ್ವಂತ ಹಾಡುಗಳನ್ನೇ ನೆಚ್ಚಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ತಂಡ ಇದು. ಅದರ ಕಥೆಗೆ ಮೊದಲು ಈ ಬ್ಲೂಸ್, ಫಂಕ್ ಎಂದರೇನೆಂದು ತಿಳಿಯಬೇಕು.

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯ ಹೊಲಗಳಲ್ಲಿ. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದ ಜನರನ್ನು ಗುಲಾಮರನ್ನಾಗಿ ದುಡಿಸಿಕೊಂಡ ಆ ನಾಡಿನಲ್ಲಿ, ಡೋಲಿನ ಸದ್ದೇ ದಂಗೆಯ ಸಂಕೇತವಾದೀತೆಂಬ ಭಯವಿತ್ತು. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ದಂಗೆಯೆದ್ದರು. ಮರುವರ್ಷ ಬಂದ ಕಾನೂನು ಅವರು ಡೋಲು ಬಾರಿಸುವುದನ್ನೇ ನಿಷೇಧಿಸಿತು. ಡೋಲು ಕಳೆದುಕೊಂಡವರು ಚಪ್ಪಾಳೆ, ಕಾಲ್ದನಿ ಮತ್ತು ಕಂಠವನ್ನೇ ವಾದ್ಯ ಮಾಡಿಕೊಂಡರು. ನಮ್ಮಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಡೋಲನ್ನು ಕೈಯಿಂದ ಕಿತ್ತುಕೊಂಡರು. ಇಲ್ಲಿ ಊರಾಚೆಯ ಕೇರಿಯವರ ಕೈಗೆ ತಮಟೆಯನ್ನು ಬಲವಂತದ ಚಾಕರಿಯಾಗಿ ಕೊಟ್ಟರು. ಎರಡೂ ಕಡೆ ಅವಮಾನ ಒಂದೇ. ಎರಡೂ ಕಡೆ ಆ ಜನ ಅವಮಾನದೊಳಗಿಂದಲೇ ಒಂದು ಕಲೆಯನ್ನು ಎತ್ತಿ ನಿಲ್ಲಿಸಿದರು.

ಬ್ಲೂಸ್ ಹಾಡಿನ ಕಟ್ಟು ಸರಳ. ಮೂರು ಸಾಲು. ಮೊದಲ ಸಾಲಿನಲ್ಲಿ ಒಂದು ಸಂಕಟ ಹೇಳುತ್ತಾರೆ, ಎರಡನೆಯದರಲ್ಲಿ ಅದನ್ನೇ ಮತ್ತೆ ಹಾಡುತ್ತಾರೆ, ಮೂರನೆಯದರಲ್ಲಿ ಅದಕ್ಕೊಂದು ಉತ್ತರವನ್ನೋ ಕುಚೋದ್ಯವನ್ನೋ ಸೇರಿಸಿ ಮುಗಿಸುತ್ತಾರೆ. ಕನ್ನಡಿಗರಿಗೆ ಇದು ತೀರಾ ಅಪರಿಚಿತವಲ್ಲ. ಬೀಸುವ ಕಲ್ಲಿನ ಮುಂದೆ ನಮ್ಮ ಹೆಣ್ಣುಮಕ್ಕಳು ಹಾಡಿದ ತ್ರಿಪದಿಗೂ ಮೂರೇ ಸಾಲು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವ ಪದ್ಧತಿ ಅಲ್ಲಿಯೂ ಇದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಇದರ ಅರ್ಥವಲ್ಲ. ಮೈಮುರಿಯುವ ಕೆಲಸದ ನಡುವೆ ಉಸಿರು ತೆಗೆದುಕೊಳ್ಳಲು, ಮುಂದಿನ ಮಾತು ಹೊಳೆಯಲು ಹಾಡುವವರಿಗೆ ಒಂದಿಷ್ಟು ಬಿಡುವು ಬೇಕು. ಮರಳಿ ಹಾಡುವ ಸಾಲು ಆ ಬಿಡುವನ್ನು ಕೊಡುತ್ತದೆ.

ತಾಳದ ಲೆಕ್ಕ ಹೀಗಿದೆ: ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ಖಂಡಗಳು, ಒಟ್ಟು 48 ಎಣಿಕೆ. ನಮ್ಮ ಆದಿತಾಳದಲ್ಲಿ ಹೇಳುವುದಾದರೆ ಆರು ಆವರ್ತ. ಷಡ್ಜ, ಮಧ್ಯಮ, ಪಂಚಮ ಈ ಮೂರು ಸ್ವರಗಳ ಮೇಲೆ ಕಟ್ಟಿದ ಸ್ವರಗುಚ್ಛಗಳು ಒಂದು ಗೊತ್ತಾದ ಕ್ರಮದಲ್ಲಿ ಬಂದು ಹೋಗುತ್ತವೆ. ಹಾಡುಗಾರ ಸಾಲಿನ ಅರ್ಧ ಭಾಗ ಹಾಡಿ ನಿಲ್ಲಿಸಿದರೆ ಉಳಿದರ್ಧದಲ್ಲಿ ಗಿಟಾರು ಅವನಿಗೆ ಉತ್ತರ ಕೊಡುತ್ತದೆ. ಇನ್ನು ಅದರ ಪ್ರಾಣವಾದ 'ಬ್ಲೂ ನೋಟ್' ಪಿಯಾನೋದ ಮನೆಗಳ ನಡುವೆ ಅಡಗಿರುವ ಸ್ವರ. ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಎರಡರ ನಡುವೆ ಓಲಾಡುವ ಒಂದು ಜಾಗ. ಗಮಕ ಕೇಳಿ ಬೆಳೆದ ಕಿವಿಗೆ ಈ ಓಲಾಟ ಬೇಗ ಹಿಡಿಸುತ್ತದೆ.

1912ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಬ್ಲೂಸ್ ಧಾಟಿಯೊಂದನ್ನು ಅಚ್ಚು ಹಾಕಿಸಿದರು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ಬ್ಲೂಸ್ ತಟ್ಟೆ ಅಪಾರವಾಗಿ ಮಾರಾಟವಾಯಿತು. ಹೊಲ ಬಿಟ್ಟು ಶಿಕಾಗೋ ಕಾರ್ಖಾನೆಗಳಿಗೆ ಗುಳೆ ಹೋದ ಕಪ್ಪು ಜನರ ಜೊತೆ ಹಾಡೂ ಹೋಯಿತು. 1943ರಲ್ಲಿ ಅಲ್ಲಿಗೆ ಹೋದ ಮಡ್ಡಿ ವಾಟರ್ಸ್, ಪಟ್ಟಣದ ಗದ್ದಲದಲ್ಲಿ ಕೇಳಿಸಬೇಕೆಂದು ವಿದ್ಯುತ್ ಗಿಟಾರು ಕೈಗೆತ್ತಿಕೊಂಡರು. ಮುಂದೆ ರಾಕ್ ಸಂಗೀತ ಈ ಬೇರಿನಿಂದಲೇ ಚಿಗುರಿತು.

ಫಂಕ್ ಅದರ ಮೊಮ್ಮಗ. 1965ರಿಂದ 1967ರ ನಡುವೆ ಜೇಮ್ಸ್ ಬ್ರೌನ್ ತಮ್ಮ ತಂಡದವರಿಗೆ ಒಂದು ಹೊಸ ಪಾಠ ಹೇಳಿದರು: ರಾಗಾಲಾಪದ ಚಿಂತೆ ಬಿಡಿ, ಎಲ್ಲರೂ ಮೊದಲ ಎಣಿಕೆಯ ಮೇಲೆ ಒಟ್ಟಾಗಿ ಬಂದು ಬೀಳಿ. ನಮ್ಮವರು 'ಸಮ' ಎನ್ನುವುದು ಇದನ್ನೇ. ಸಮದಿಂದ ಸಮದವರೆಗಿನ ಜಾಗದಲ್ಲಿ ಬೇಸ್ ಗಿಟಾರು, ಡ್ರಮ್ಮು, ತುತ್ತೂರಿಗಳು ಒಂದರ ಸಂದಿಯಲ್ಲಿ ಇನ್ನೊಂದು ತೂರಿಕೊಂಡು ನೇಯ್ಗೆ ಹಾಕುತ್ತವೆ. ಕೇಳುವವನ ಕಾಲು ತಾನಾಗಿ ಕುಣಿಯುತ್ತದೆ.

ಇಂಥ ಸಂಗೀತಕ್ಕೆ ಬೆಂಗಳೂರಿನ ನೆಲ ಹದವಾಗಿದ್ದುದು ಆಕಸ್ಮಿಕವಲ್ಲ. 1809ರಲ್ಲಿ ಬ್ರಿಟಿಷರು ದಂಡುಪ್ರದೇಶ ಕಟ್ಟಿದಾಗಿನಿಂದ ಅಲ್ಲಿ ಸೇನಾ ಬ್ಯಾಂಡ್‌ಗಳ, ಇಗರ್ಜಿ ಗಾಯನದ, ನೃತ್ಯಕೂಟಗಳ ವಾದ್ಯಗಳು ಬಂದು ನೆಲೆಸಿದವು. ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೇ ಪಾಶ್ಚಾತ್ಯ ಬ್ಯಾಂಡೂ ಇತ್ತು. ಆ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಬಂಟ್ವಾಳದ ಕಡೆಯ ಹುಡುಗ, ನಾಗಸ್ವರ ವಾದಕರ ಮಗ, ಮುಂದೆ ಕದ್ರಿ ಗೋಪಾಲನಾಥ್ ಎಂದು ಜಗತ್ತಿಗೆ ಪರಿಚಿತರಾದರು. 1949ರಿಂದ 2019ರವರೆಗೆ ಬಾಳಿದ ಅವರು ಬ್ಯಾಂಡಿನ ವಾದ್ಯವನ್ನೇ ಕಛೇರಿಯ ವಾದ್ಯ ಮಾಡಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ 'ಜ್ಯೋತಿ' ಎಂಬ ತಟ್ಟೆ ತಂದರು. 'ಫ್ಯೂಷನ್' ಎಂಬ ಮಾತು ಜಾಹೀರಾತುಗಳಿಗೆ ಇಳಿಯುವ ಮೊದಲೇ ಕನ್ನಡ ನಾಡಿನಲ್ಲಿ ಅದು ಗಂಭೀರವಾಗಿ ನಡೆದಿತ್ತು.

ಇನ್ನು ಥರ್ಮಲ್ ತಂಡದ ಕಥೆ. ಹೆಸರಿನಲ್ಲೇ ಒಂದು ತಮಾಷೆಯಿದೆ. ಆರಂಭದ ನಾಲ್ವರಲ್ಲಿ ಮೂವರು ಮಲಯಾಳಿಗಳು, ಗಿಟಾರು ನುಡಿಸಿ ಹಾಡುವ ಬ್ರೂಸ್ ಲೀ ಮಣಿ ಮಾತ್ರ ಕಾಲುಭಾಗ ಮಲಯಾಳಿ. ಮೂರೂಕಾಲು ಮಲಯಾಳಿಗಳು ಎಂಬುದನ್ನೇ ಇಂಗ್ಲಿಷಿನಲ್ಲಿ ತಿರುಚಿ ಈ ಹೆಸರು ಕಟ್ಟಿದರು. ಡ್ರಮ್ಸ್ ನುಡಿಸುವವರು ರಾಜೀವ್ ರಾಜಗೋಪಾಲ್. ಯಾರದು ಯಾವ ಊರು, ಯಾವ ಭಾಷೆ ಎಂದು ಕೇಳಿದರೆ ಉತ್ತರ ಕಾಲು, ಅರೆ, ಮುಕ್ಕಾಲುಗಳ ಲೆಕ್ಕದಲ್ಲಿ ಬರುವ ಬೆಂಗಳೂರಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಆ ದಿನಗಳಲ್ಲಿ ಕಾಲೇಜು ಉತ್ಸವಗಳಲ್ಲಿ ಗೆಲ್ಲಬೇಕಾದರೆ ವಿದೇಶದ ಪ್ರಸಿದ್ಧ ಹಾಡುಗಳನ್ನು ಯಥಾವತ್ತಾಗಿ ನುಡಿಸಬೇಕಿತ್ತು. ನಮ್ಮ ರಸಮಂಜರಿಯ ಹುಡುಗರ ಪಾಡೇ ಅವರದೂ ಆಗಿತ್ತು; ಸಿನಿಮಾ ಹಾಡಿನ ಜಾಗದಲ್ಲಿ ರಾಕ್ ಹಾಡು, ಅಷ್ಟೇ. ಇವರು ಆ ದಾರಿ ಬಿಟ್ಟು ಸ್ವಂತ ಹಾಡು ಬರೆಯಹೊರಟರು. 2000ದಲ್ಲಿ ಮೊದಲ ಸಂಗ್ರಹ, 2002ರಲ್ಲಿ 'ಜ್ಯೂಪಿಟರ್ ಕೆಫೆ' ಹೊರಬಂದವು. 2001ರಲ್ಲಿ ಬ್ರಿಟನ್ನಿನ ಡೀಪ್ ಪರ್ಪಲ್ ತಂಡ ಬೆಂಗಳೂರಿಗೆ ಬಂದಾಗ ಅವರಿಗಿಂತ ಮೊದಲು ವೇದಿಕೆಯೇರುವ ಅವಕಾಶ ಇವರದಾಯಿತು. ಧ್ವನಿಮುದ್ರಣ ಕಂಪನಿಗಳು ಸಿನಿಮಾ ಹಾಡಿನ ಹೊರತು ಬೇರೇನನ್ನೂ ಹೆಚ್ಚಾಗಿ ಮುಟ್ಟದಿದ್ದ ಕಾಲ. 'ಪ್ಲಾನ್ ಬಿ' ಸಂಗ್ರಹವನ್ನು ಇವರು ಅಂತರ್ಜಾಲದಲ್ಲಿ ಉಚಿತವಾಗಿ ಹಂಚಿದರು. ಹಾಡು ಮೊದಲು ಜನರಿಗೆ ತಲುಪಲಿ, ಜನ ಆಮೇಲೆ ಕಛೇರಿಗೆ ಬರಲಿ ಎಂಬುದು ಇದರ ಹಿಂದಿನ ಲೆಕ್ಕಾಚಾರ.

ಹಾಡುಗಳ ಭಾಷೆ ಇಂಗ್ಲಿಷ್, ಆದರೆ ವಸ್ತು ಬೆಂಗಳೂರು. 2009ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ದೂರುವುದನ್ನು ಬಿಟ್ಟು ಮತ ಹಾಕಿ ಎಂದು ಯುವಜನರನ್ನು ಗದರಿಸುವ ಹಾಡು ಕಟ್ಟಿದರು. 2012ರಲ್ಲಿ ಬಂದ '3 ವೀಲ್ಸ್ 9 ಲೈವ್ಸ್' ಮೂರು ತಟ್ಟೆಗಳ ಸಂಗ್ರಹ. ಅದರ ಹೆಸರಿನ ಮೂರು ಚಕ್ರ ನಮ್ಮ ಆಟೊರಿಕ್ಷಾದ್ದು. ಸಂಗೀತ ಶಾಲೆಯನ್ನೂ ತೆರೆದು ಹೊಸ ಹುಡುಗರಿಗೆ ಕಲಿಸತೊಡಗಿದರು. ಕಛೇರಿಯ ಸಂಭಾವನೆಯೊಂದನ್ನೇ ನಂಬಿ ತಂಡ ನಡೆಯದು ಎಂಬ ಅರಿವೂ ಇದರ ಹಿಂದಿತ್ತು.

ನುಡಿಸಲು ಜಾಗ ಸಿಗುವುದೂ ಸುಲಭವಿರಲಿಲ್ಲ. ಬೆಂಗಳೂರಿನಲ್ಲಿ ಡಾನ್ಸ್ ಬಾರ್‌ಗಳನ್ನು ಹದ್ದಿನಲ್ಲಿಡಲು 2005ರಲ್ಲಿ ಬಂದ ಪೊಲೀಸ್ ಪರವಾನಗಿ ಆದೇಶ ಕ್ಯಾಬರೆ, ಡಿಸ್ಕೊಗಳ ಸಾಲಿನಲ್ಲೇ 'ಲೈವ್ ಬ್ಯಾಂಡ್' ಎಂಬ ಮಾತನ್ನೂ ಸೇರಿಸಿತು. 2008ರ ಸುಮಾರಿಗೆ ಬಿಗಿ ಹೆಚ್ಚಿದಾಗ ಹಲವು ಹೋಟೆಲುಗಳು ನಮಗೇಕೆ ರಗಳೆ ಎಂದು ಗಿಟಾರಿನವರನ್ನೂ ದೂರವಿಟ್ಟವು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರ ಜನವರಿಯಲ್ಲಿ ಆದೇಶ ಊರ್ಜಿತವೆಂದು ತೀರ್ಪಾಯಿತು. ಸುರಕ್ಷತೆಯ ನಿಯಮಗಳು ಬೇಕೇ ಬೇಕು. ಆದರೆ ಹಾಡುವವರನ್ನೂ ದಂಧೆಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಷ್ಟವಾಗುವುದು ಹಾಡಿಗೆ. ಹೊಸ ತಂಡ ಬೆಳೆಯುವುದು ದೊಡ್ಡ ಮೈದಾನದಲ್ಲಿ ಅಲ್ಲ, ನಲವತ್ತು ಜನ ಕೂತು ಕೇಳುವ ಸಣ್ಣ ಜಾಗದಲ್ಲಿ.

ಇಂಗ್ಲಿಷಿನಲ್ಲಿ ಹಾಡುವ ತಂಡ ನಮ್ಮದು ಹೇಗಾದೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಒಂದು ಉತ್ತರ ಅದೇ ನಗರದ ಬೇರೆ ತಂಡಗಳಿಂದ ಬಂತು. 2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಸಂಗ್ರಹ ಬಂದಾಗ ಶಿಶುನಾಳ ಷರೀಫರ ತತ್ವಪದ ಗಿಟಾರು, ಪಿಟೀಲುಗಳ ಜೊತೆ ದೇಶವಿದೇಶ ಸುತ್ತಿತು. 2009ರಲ್ಲಿ ಮೊದಲ ಸಂಗ್ರಹ ತಂದ 'ಸ್ವರಾತ್ಮ' ತಂಡವೂ ಕನ್ನಡದಲ್ಲಿ ಹಾಡಿತು. ಆದರೆ ಇವರೆಲ್ಲರಿಗೂ ಅನುಕೂಲವಾದ ಸಂಗತಿಯೊಂದಿದೆ: ಸ್ವಂತ ಹಾಡು ನುಡಿಸುವ ತಂಡಕ್ಕೂ ಕೇಳುಗರುಂಟು ಎಂಬುದು ಆ ವೇಳೆಗಾಗಲೇ ಊರಿಗೆ ಗೊತ್ತಾಗಿತ್ತು. ಅದನ್ನು ತೋರಿಸಿದವರಲ್ಲಿ ಥರ್ಮಲ್ ತಂಡದವರು ಮುಂಚೂಣಿಯವರು.

ಮತ್ತೆ ದುರ್ಗದ ಸೀಮೆಗೆ ಬರೋಣ. ಹಾಡಿನ ಬಡತನ ನಮಗೆಂದೂ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಕಂಠದಲ್ಲೇ ಹಾಡಿನ ಕಣಜ ಹೊತ್ತಿದ್ದರು. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಕಾಡುಗೊಲ್ಲರ ಜುಂಜಪ್ಪನ ಗಣೆ, ನಾಯಕರ ಹಟ್ಟಿಗಳ ಉರುಮೆ, ಕೇರಿಯ ತಮಟೆ ಇವೆಲ್ಲ ನಮ್ಮ ಮನೆಯಂಗಳದಲ್ಲೇ ಇವೆ. ಜಾಗದ ವಿಷಯಕ್ಕೆ ಬಂದರೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಹೊರಟ 'ಶಿವಸಂಚಾರ' ತಂಡ, ಹಳ್ಳಿಯೊಂದು ನಾಡಿಗೆಲ್ಲ ನಾಟಕ ಕಳಿಸಬಲ್ಲದು ಎಂದು ತೋರಿಸಿಕೊಟ್ಟಿದೆ.

ಉಳಿದಿರುವುದು ಒಂದೇ. ಗಣೇಶನ ಪೆಂಡಾಲಿನಲ್ಲಿ ಇಪ್ಪತ್ತು ಸಿನಿಮಾ ಹಾಡು ನುಡಿಸುವ ಹಿರಿಯೂರಿನ, ಹೊಳಲ್ಕೆರೆಯ ಹುಡುಗರು ಇಪ್ಪತ್ತೊಂದನೆಯದಾಗಿ ತಮ್ಮದೇ ಹಾಡೊಂದನ್ನು ನುಡಿಸಬೇಕು. ಕೆಳಗೆ ಕುಳಿತ ನಾವು 'ಬೇರೆ ಹಾಡು ಹಾಕ್ರಪ್ಪ' ಎಂದು ಕೂಗದೆ ಐದು ನಿಮಿಷ ಕೇಳಬೇಕು. ಮಿಸಿಸಿಪ್ಪಿಯ ಹೊಲದಲ್ಲಾಗಲಿ, ಬೆಂಗಳೂರಿನ ಹೋಟೆಲಿನಲ್ಲಾಗಲಿ, ಹೊಸ ಸಂಗೀತಕ್ಕೆ ಮೊದಲು ಸಿಕ್ಕಿದ್ದು ಅಷ್ಟೇ ಬಂಡವಾಳ.