ಗುಡುಗುಡಿಯ ಪದವೂ ಗಿಟಾರಿನ ನಾದವೂ

ಇತಿಹಾಸದ ಆಧಾರಗಳೆಂದರೆ ಶಾಸನ, ನಾಣ್ಯ, ಕಡತಗಳೆಂದು ಭಾವಿಸುವುದು ರೂಢಿ. ಜನರ ಬಾಯಲ್ಲಿ ಉಳಿದುಬಂದ ಹಾಡೂ ಅದನ್ನು ಹಿಡಿದಿಟ್ಟ ಧ್ವನಿಮುದ್ರಿಕೆಯೂ ಆಧಾರಗಳೇ ಸರಿ. ಈ ದೃಷ್ಟಿಯಿಂದ, ರಘು ದೀಕ್ಷಿತರು 2008ರಲ್ಲಿ ಹೊರತಂದ ತಮ್ಮ ಮೊದಲ ಧ್ವನಿಮುದ್ರಿಕೆಯಲ್ಲಿ ರಾಕ್ ಸಂಗೀತಕ್ಕೆ ಅಳವಡಿಸಿ ಹಾಡಿದ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಶರೀಫರ (1819–1889) ಶಿಶುನಾಳವೂ ನಮ್ಮ ಮೇಡ್ಲೇರಿಯೂ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದು, ಈಗ ಹಾವೇರಿ ಜಿಲ್ಲೆಗೆ ಸೇರಿವೆ. ಮುಸ್ಲಿಂ ಮನೆತನದಲ್ಲಿ ಹುಟ್ಟಿದ ಅವರು ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾದರು. ಅವರ ತತ್ತ್ವಪದಗಳನ್ನು ಮೊದಲು ಕಾಪಾಡಿದವರು ಹಳ್ಳಿಯ ಭಜನೆಯವರು. ಅಚ್ಚಿನ ಸಂಗ್ರಹಗಳು ಅನಂತರ ಬಂದವು. 1990ರಲ್ಲಿ ಟಿ. ಎಸ್. ನಾಗಾಭರಣರ ಚಲನಚಿತ್ರಕ್ಕೆ ಸಿ. ಅಶ್ವತ್ಥರು ನೀಡಿದ ಸಂಗೀತದಿಂದ ಅವು ನಗರಗಳಲ್ಲಿಯೂ ಮನೆಮಾತಾದವು. ಹದಿನೆಂಟು ವರ್ಷಗಳ ತರುವಾಯ ಗಿಟಾರು, ಡ್ರಮ್ಮುಗಳು ಜತೆಗೂಡಿದವು.

ಇಂತಹ ಪ್ರಯೋಗ ನಮ್ಮಲ್ಲೇ ಮೊದಲಾದುದಲ್ಲ. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡವು 1969ರಲ್ಲಿಯೇ ತನ್ನ ನಾಡಿನ ಹಳೆಯ ಕಥನಗೀತೆಗಳಿಗೆ ವಿದ್ಯುತ್ ಗಿಟಾರನ್ನು ಜೋಡಿಸಿತ್ತು. ಆದರೆ ಅವರು ಹಾಡುಗಳಿಗಾಗಿ ಬಹುಮಟ್ಟಿಗೆ ಗ್ರಂಥ ಭಂಡಾರವನ್ನು ಶೋಧಿಸಬೇಕಾಯಿತು. ಶರೀಫರ ಪದಗಳಾದರೋ ಇನ್ನೂ ಜನರ ನಾಲಗೆಯ ಮೇಲಿದ್ದವು.

ಈ ಹಾಡು ಮಾಸದಿರುವುದಕ್ಕೆ ಎರಡು ಕಾರಣಗಳನ್ನು ಕಾಣುತ್ತೇವೆ. ಮೊದಲನೆಯದು ವಸ್ತು: ಕಟ್ಟೆಯ ಮೇಲೆ ಕುಳಿತು ಸೇದುವ ಗುಡುಗುಡಿಯೇ ಇಲ್ಲಿ ಒಳಗಿನ ರೋಗವನ್ನು ಕಳೆಯುವ ಸಾಧನೆಯ ಸಂಕೇತವಾಗಿದೆ. ಕೇಳಿ ನಕ್ಕವನೂ, ಅರ್ಥ ಬಿಡಿಸಿದವನೂ ಬರಿಗೈಯಲ್ಲಿ ಹೋಗುವುದಿಲ್ಲ. ಎರಡನೆಯದು ರಚನೆ: ಮರಳಿ ಮರಳಿ ಬರುವ ಪಲ್ಲವಿಯನ್ನು ಕೇಳುಗರು ತಾವೇ ಎತ್ತಿಕೊಳ್ಳಬಹುದು. ಏಕತಾರಿಗೆ ಒಗ್ಗಿದ ಈ ಗುಣವೇ ಗಿಟಾರಿಗೂ ಒಗ್ಗಿತು. ಆದುದರಿಂದ ಹೊಸ ವಾದ್ಯಗಳಿಂದ ಪದ ಕೆಟ್ಟಿತೆಂಬ ಆಕ್ಷೇಪವನ್ನು ನಾವು ಒಪ್ಪಲಾರೆವು.

ಅಪಾಯವಿರುವುದು ಬೇರೊಂದು ಕಡೆಯಲ್ಲಿ. ಬಾಯಿಂದ ಬಾಯಿಗೆ ಸಾಗುವ ಹಾಡಿಗೆ ಊರಿಗೊಂದು ಧಾಟಿಯಿರುವುದು ಸಹಜ. ಪ್ರಸಿದ್ಧವಾದ ಧ್ವನಿಮುದ್ರಿಕೆ ಒಂದೇ ಧಾಟಿಯನ್ನು ಎಲ್ಲರ ಕಿವಿಯಲ್ಲಿ ನಿಲ್ಲಿಸುತ್ತದೆ; ಉಳಿದವುಗಳನ್ನು ಬಲ್ಲ ಹಿರಿಯರು ಕಣ್ಮರೆಯಾದರೆ ಆ ಧಾಟಿಗಳೂ ಅಳಿಯುತ್ತವೆ. ಧ್ವನಿಮುದ್ರಿಕೆಗೆ ಕಿವಿಗೊಟ್ಟ ವಿದ್ಯಾರ್ಥಿಗಳು ತಮ್ಮೂರಿನ ಭಜನೆಯವರ ಬಳಿಗೂ ಹೋಗಿ, ಹಾಡನ್ನೂ ಹಾಡಿದವರ ಊರು, ಕಾಲ, ಗುರುಪರಂಪರೆಗಳನ್ನೂ ದಾಖಲಿಸಬೇಕು. ಈ ಕೆಲಸ ಶಾಸನದ ಪಡಿಯಚ್ಚು ತೆಗೆಯುವಷ್ಟೇ ಮುಖ್ಯವಾದುದು. ಕಲ್ಲು ಕಾಯಬಲ್ಲದು, ಕಂಠ ಕಾಯಲಾರದು.